ಹಿಮದ ಬೆಟ್ಟಕ್ಕೆ ಹೊರಟಿರುವ ನಮ್ಮ ಹುಡುಗರಿಗಾಗಿ

ಹೋದ ಡಿಸೆಂಬರ್‌ನಲ್ಲಿ ಅಕ್ಕನ ಮಗಳ ಜೊತೆ ಉತ್ತರಾಖಂಡದ ಕೇದಾರಕಂಠ ಬೆಟ್ಟ ಹತ್ತಲು ಹೋಗಿದ್ದೆ. ಆಗ ಹಾಕಿದ ಫೋಟೋಗಳನ್ನು ನೋಡಿ, ತುದಿಯದ್ದು ಒಂದೂ ಇಲ್ಲವಲ್ಲ ಅಂತ ಒಂದಿಬ್ಬರು ಕೇಳಿದ್ದಿರಿ. ಉತ್ತರ ಕೊಡಲು ಇಷ್ಟು ದಿನ ಮನಸ್ಸಾಗಿರಲಿಲ್ಲ. ಈಗ ಮತ್ತೆ ಬುಕಿಂಗ್ ಶುರುವಾಗಿದೆ. ನಮ್ಮ ಓಣಿಯಲ್ಲೇ ನಾಲ್ಕು ಹುಡುಗರು ಹೊರಟಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ಶುರುವಾಗಿದ್ದು ಇಲ್ಲೇ, ಕಲಬುರಗಿಯಲ್ಲಿ. ಟ್ರೆಕ್ಕಿಂಗ್ ಕಂಪನಿಯವರು ಡಾಕ್ಟರ್ ಸರ್ಟಿಫಿಕೇಟ್ ಕೇಳಿದ್ದರು. ಇಬ್ಬರೂ ಒಂದು ಕ್ಲಿನಿಕ್‌ಗೆ ಹೋದೆವು. "ಎಲ್ಲಿಗಿ ಹೊಂಟೀರಿ?" ಅಂತ ಡಾಕ್ಟರು ಕೇಳಿದರು. ಹೇಳಿದೆವು. "ಭಾಳ ಥಂಡಿ ಇರ್ತದ, ಸ್ವೆಟರ್ ಒಯ್ಯಿರಿ" ಅಂದವರೇ ಸಹಿ ಹಾಕಿ ಸೀಲು ಹೊಡೆದರು. ಸ್ಟೆತಸ್ಕೋಪ್ ಕೊರಳಲ್ಲೇ ಇತ್ತು. ಬಿಪಿ ನೋಡಲಿಲ್ಲ. ಎರಡು ನಿಮಿಷದ ಕೆಲಸ. ಬೇಗ ಮುಗಿಯಿತಲ್ಲ ಅಂತ ಆವತ್ತು ನನಗೂ ಸಮಾಧಾನವೇ ಆಗಿತ್ತು. ಈಗ ನೆನೆಸಿಕೊಂಡರೆ ಹೊಟ್ಟೆಯೊಳಗೆ ಸಂಕಟವಾಗುತ್ತದೆ.

ನಮ್ಮೂರು ಇರುವುದು ಸಮುದ್ರ ಮಟ್ಟದಿಂದ ಸುಮಾರು 1,500 ಅಡಿ ಮೇಲೆ. ಬೆಟ್ಟ ಅಂತ ನಾನು ಹತ್ತಿದ್ದು ಶಹಾಪುರದ ಮಲಗಿದ ಬುದ್ಧನ ಬೆಟ್ಟ ಒಂದೇ. ಕೇದಾರಕಂಠದ ತುದಿ 12,500 ಅಡಿ. ಕರ್ನಾಟಕ ಎಕ್ಸ್‌ಪ್ರೆಸ್‌ನಲ್ಲಿ ದೆಹಲಿ, ಅಲ್ಲಿಂದ ಡೆಹ್ರಾಡೂನ್, ಅಲ್ಲಿಂದ ಇಡೀ ಹಗಲು ಗಾಡಿಯಲ್ಲಿ ಕೂತು ಸಾಂಕ್ರಿ ಎಂಬ ಊರು. ಅಷ್ಟು ದೂರದ ದಾರಿಯಲ್ಲಿ ಒಬ್ಬರಾದರೂ "ಹಿಮ ಯಾವತ್ತಾದರೂ ತುಳಿದಿದ್ದೀರಾ?" ಅಂತ ನಮ್ಮನ್ನು ಕೇಳಲಿಲ್ಲ.

ಮೊದಲ ರಾತ್ರಿ ಸಾಂಕ್ರಿ, ಎರಡನೇ ರಾತ್ರಿ ಜುಡಾ ಕಾ ತಾಲಾಬ್ ಎಂಬ ಕೆರೆಯ ಹತ್ತಿರ, ಮೂರನೇ ರಾತ್ರಿ 11 ಸಾವಿರ ಅಡಿ ದಾಟಿದ ಕ್ಯಾಂಪು. 10 ಸಾವಿರ ಅಡಿ ದಾಟಿದ ಮೇಲೆ ಮಲಗುವ ಜಾಗವನ್ನು ದಿನಕ್ಕೆ 1,600 ಅಡಿಗಿಂತ ಜಾಸ್ತಿ ಏರಿಸಬಾರದು, ನಡುವೆ ಒಂದು ದಿನ ಸುಮ್ನೆ ಕೂರಬೇಕು ಅಂತ ಎತ್ತರದಲ್ಲಿ ಆಮ್ಲಜನಕ ಸಾಲದೆ ಬರುವ ಕಾಯಿಲೆ ಬಲ್ಲ ವೈದ್ಯರು ಹೇಳುತ್ತಾರೆ. ಇದೆಲ್ಲ ನಾನು ಓದಿದ್ದು ವಾಪಸ್ ಬಂದ ಮೇಲೆ.

ಆ ಮೂರನೇ ರಾತ್ರಿ ಹುಡುಗಿ ಊಟ ಮಾಡಲಿಲ್ಲ. ತಲೆ ಸಿಡಿಯುತ್ತಿದೆ ಅಂದಳು. ಟೆಂಟಿನ ಹಿಂದೆ ಹೋಗಿ ವಾಂತಿ ಮಾಡಿಕೊಂಡು ಬಂದಳು. ನಾನು ಗೈಡ್‌ನನ್ನು ಕರೆಯಲು ಎದ್ದರೆ ಕೈ ಹಿಡಿದಳು. "ಮಾಮಾ, ಅವ್ರಿಗಿ ಹೇಳಬ್ಯಾಡ್ರಿ. ಮುಂಜಾನಿ ಅನ್ನೋದ್ರಾಗ ಸರಿ ಹೋಗ್ತದ."

ನಾನು ಕೂತುಬಿಟ್ಟೆ. ಅರ್ಧ ಗಂಟೆ ಕೂತೆ. ಯಾಕೆ ಅಂತ ಬಿಚ್ಚಿ ಹೇಳುತ್ತೇನೆ. ಇಬ್ಬರದೂ ಸೇರಿ 30 ಸಾವಿರಕ್ಕಿಂತ ಜಾಸ್ತಿ ಖರ್ಚಾಗಿತ್ತು. ರಜೆ ಸಿಕ್ಕಿದ್ದೇ ಕಷ್ಟ. ಎಳ್ಳಮಾವಾಸ್ಯೆಗೆ ಹೊಲಕ್ಕೆ ಹೋಗದೆ, ಭಜ್ಜಿ-ರೊಟ್ಟಿ ಬಿಟ್ಟು, ಅಕ್ಕನ ಕೈಲಿ ಬೈಸಿಕೊಂಡು ಹೊರಟಿದ್ದೆವು. ಡೆಹ್ರಾಡೂನ್ ಹುಡುಗನಾದರೆ ಮುಂದಿನ ತಿಂಗಳು ಇನ್ನೊಂದು ಸಲ ಬರುತ್ತಾನೆ. ನಾವು ಬರುತ್ತೇವಾ? ಹಿಮದ ಬಗ್ಗೆ ಏನೂ ಗೊತ್ತಿಲ್ಲದ, ಎಲ್ಲರಿಗಿಂತ ದೂರದಿಂದ ಹೋದ ನಮ್ಮಂಥವರಿಗೇ "ಹೇಗಾದರೂ ಹತ್ತಿಬಿಡಬೇಕು" ಅನ್ನುವ ಒತ್ತಡ ಎಲ್ಲರಿಗಿಂತ ಜಾಸ್ತಿ.

ಕೊನೆಗೆ ಗೈಡ್ ತಾನೇ ಬಂದ. ಸಾಂಕ್ರಿಯ ಹುಡುಗ, ಇಪ್ಪತ್ತೈದು ಇರಬಹುದು. ತಟ್ಟೆಯಲ್ಲಿ ಊಟ ಹಾಗೇ ಉಳಿದದ್ದನ್ನು ನೋಡಿದ್ದನಂತೆ. ರಕ್ತದ ಆಮ್ಲಜನಕ ಅಳೆಯುವ ಆಕ್ಸಿಮೀಟರ್ ತೆಗೆದ, ಆದರೆ ಹಚ್ಚಲಿಲ್ಲ. ಬೆರಳು ತಣ್ಣಗಿದ್ದರೆ ನಂಬರ್ ತಪ್ಪು ಬರುತ್ತದೆ ಅಂತ ಮೊದಲು ನನ್ನ ಕೈಯಿಂದ ಅವಳ ಬೆರಳು ಉಜ್ಜಿಸಿದ. ಎರಡು ನಿಮಿಷ ಬಿಟ್ಟು ನೋಡಿದರೆ 72, ತೀರಾ ಕಡಿಮೆ. ಅಷ್ಟಕ್ಕೇ ಬಿಡಲಿಲ್ಲ. ಟೆಂಟಿನ ಹೊರಗೆ ತನ್ನ ಕೋಲಿನಿಂದ ಹಿಮದ ಮೇಲೆ ಒಂದು ಗೆರೆ ಎಳೆದ. ಹಿಮ್ಮಡಿಗೆ ಬೆರಳು ತಾಗಿಸುತ್ತಾ ಅದರ ಮೇಲೆ ನಡಿ ಅಂದ. ಎರಡು ಸಲ ಪಕ್ಕಕ್ಕೆ ವಾಲಿದಳು. ಅವನು ಇನ್ನೇನೂ ಕೇಳಲಿಲ್ಲ. ಅವಳ ಬೂಟಿಗೆ ಮುಳ್ಳಿನ ಸರಪಳಿ ಕಟ್ಟಿ, ತಲೆಗೆ ದೀಪ ಹಾಕಿ, ಆ ಕತ್ತಲಲ್ಲೇ ನಮ್ಮನ್ನು ಕೆಳಗಿಳಿಸಿದ. ತಾಲಾಬ್ ಮುಟ್ಟುವ ಹೊತ್ತಿಗೆ ತಲೆನೋವು ಇಳಿದಿತ್ತು. ಬೆಳಿಗ್ಗೆ ಎರಡು ಪರಾಠ ತಿಂದಳು.

ಇಳಿಯುವಾಗ ನನಗೆ ಅವನ ಮೇಲೆ ಸಿಟ್ಟಿತ್ತು. ಅದನ್ನು ಇಲ್ಲಿ ಬರೆಯಲೇಬೇಕು.

2024ರ ಜೂನ್‌ನಲ್ಲಿ ಉತ್ತರಾಖಂಡದ ಸಹಸ್ತ್ರತಾಲ್‌ನಲ್ಲಿ ಆದದ್ದು ನಿಮಗೆ ನೆನಪಿರಬೇಕು. ಚಾರಣಕ್ಕೆ ಹೋಗಿದ್ದ 22 ಜನರ ತಂಡ ಕೆಟ್ಟ ಹವಾಮಾನಕ್ಕೆ ಸಿಕ್ಕಿತು. ನಮ್ಮ ಕರ್ನಾಟಕದ 9 ಜನ ವಾಪಸ್ ಬರಲಿಲ್ಲ. ಅದು ಬೇಸಿಗೆ. ಚಳಿಗಾಲದ ಮಾತೇ ಬೇರೆ.

ಹಾಗಂತ ಚಳಿಗಾಲದಲ್ಲಿ ಬೆಟ್ಟಗಳನ್ನೇ ಮುಚ್ಚಿಬಿಡಿ ಅನ್ನುವವರ ಜೊತೆ ನಾನಿಲ್ಲ. ಸಾಂಕ್ರಿಯಲ್ಲಿ ಎಷ್ಟೋ ಮನೆಗಳ ಒಲೆ ಉರಿಯುವುದೇ ಈ ಚಾರಣದಿಂದ. ನಮ್ಮ ಮಕ್ಕಳೂ ಹಿಮ ನೋಡಬೇಕು. ತೆರೆದಿಟ್ಟುಕೊಂಡೇ ಕಾಪಾಡುವ ದಾರಿ ಇದೆ. ಕೆನಡಾದ ಗ್ಲೇಸಿಯರ್ ರಾಷ್ಟ್ರೀಯ ಉದ್ಯಾನದ ರೋಜರ್ಸ್ ಪಾಸ್ ಎಂಬ ಕಣಿವೆ ದಾರಿ ನೋಡಿ. 1910ರ ಮಾರ್ಚ್‌ನಲ್ಲಿ ಅಲ್ಲಿ ಹಿಮ ಕುಸಿದು 58 ರೈಲ್ವೆ ಕೆಲಸಗಾರರು ಸತ್ತಿದ್ದರು. ಈಗ ಕೆಳಗೆ ಹೆದ್ದಾರಿ ಇದೆ, ರೈಲು ಇದೆ. ಇಳಿಜಾರಿನ ಹಿಮ ದೊಡ್ಡದಾಗಿ ಕುಸಿಯುವ ಮೊದಲೇ ಸೈನ್ಯದವರು ಫಿರಂಗಿ ಹಾರಿಸಿ ಬೀಳಿಸುತ್ತಾರೆ. ಅಂಥ ಜಾಗದಲ್ಲೂ ಚಳಿಗಾಲದಲ್ಲಿ ಜನ ಸ್ಕೀ ಮಾಡುತ್ತಾರೆ! ಆದರೆ ಇವತ್ತು ಯಾವ ಇಳಿಜಾರು ತೆರೆದಿದೆ, ಯಾವುದು ಮುಚ್ಚಿದೆ ಅಂತ ದಿನಾ ಬೆಳಿಗ್ಗೆ ಹೇಳುತ್ತಾರೆ. ವರ್ಷದ ಪರವಾನಗಿ ಬೇಕೆಂದರೆ ನಿಯಮ ಓದಿ ಪ್ರಶ್ನೆಗಳಿಗೆ ಉತ್ತರ ಕೊಡಬೇಕು. ಅದೇ ಉದ್ಯಾನದಲ್ಲಿ 2003ರ ಫೆಬ್ರವರಿ 1ರಂದು ಹಿಮ ಕುಸಿದು 7 ಶಾಲಾ ಮಕ್ಕಳು ತೀರಿಕೊಂಡರು. ಆಮೇಲೆ ಅವರು ಬೆಟ್ಟ ಮುಚ್ಚಲಿಲ್ಲ. ದಾರಿಗಳನ್ನು ಸುಲಭ, ಕಷ್ಟ, ತೀರಾ ಕಷ್ಟ ಅಂತ ಮೂರು ಭಾಗ ಮಾಡಿದರು. ಮಕ್ಕಳ ಗುಂಪು ಎಲ್ಲಿಗೆ ಹೋಗಬಹುದು, ಜೊತೆಗೆ ಎಂಥ ಗೈಡ್ ಇರಬೇಕು ಅಂತ ಬರೆದಿಟ್ಟರು.

ನಮ್ಮಲ್ಲೂ ಮಾಹಿತಿ ಇಲ್ಲ ಅಂತಲ್ಲ. ಚಂಡೀಗಢದ ರಕ್ಷಣಾ ಸಂಶೋಧನಾ ಸಂಸ್ಥೆ ಹಿಮಾಲಯದ ಹಿಮಕುಸಿತದ ಮುನ್ಸೂಚನೆ ಕೊಡುತ್ತದೆ. ಅದು ಸೇಡಂ ರಸ್ತೆಯಲ್ಲಿ ಕೂತು ಮೊಬೈಲ್‌ನಲ್ಲಿ ಬುಕ್ ಮಾಡುವ ಹುಡುಗನ ಕಣ್ಣಿಗೆ ಬೀಳಬೇಕು, ಅವನಿಗೆ ತಿಳಿಯುವ ಭಾಷೆಯಲ್ಲಿ. ಪರವಾನಗಿ ಕೊಡುವ ಮೊದಲು ನಾಲ್ಕು ಪ್ರಶ್ನೆ ಕೇಳಿದರೆ ಸಾಕು. ತಲೆನೋವು, ವಾಂತಿ ಬಂದರೆ ಏನು ಮಾಡಬೇಕು ಅಂತ ಒಂದು ಪ್ರಶ್ನೆ ಇದ್ದಿದ್ದರೂ ಆವತ್ತು ನಾನು ಅರ್ಧ ಗಂಟೆ ಕೂರುತ್ತಿರಲಿಲ್ಲ.

ಇದಕ್ಕಿಂತ ಮುಖ್ಯವಾದದ್ದು ದುಡ್ಡಿನ ವಿಷಯ. ಗೈಡ್ ವಾಪಸ್ ಕಳಿಸಿದವರಿಗೆ ಇನ್ನೊಂದು ಸಲ ಬರಲು ಅದೇ ದುಡ್ಡಿನಲ್ಲಿ ಅವಕಾಶ ಕೊಡಬೇಕು. ಅದು ಕಂಪನಿಯ ಔದಾರ್ಯ ಆಗಬಾರದು, ನಿಯಮದಲ್ಲೇ ಇರಬೇಕು. ಆಗ ಯಾವ ಹುಡುಗಿಯೂ ಮಾಮನ ಕೈ ಹಿಡಿದು "ಹೇಳಬ್ಯಾಡ್ರಿ" ಅನ್ನುವುದಿಲ್ಲ. ಗೈಡ್‌ನ ಮಾತೇ ಕೊನೆ ಅಂತಲೂ ಬರೆದಿರಬೇಕು. ನನ್ನಂಥ ದೊಡ್ಡವರು ಸಿಟ್ಟು ಮಾಡಿಕೊಂಡು ವಾದಕ್ಕೆ ನಿಂತರೆ ಆ ಹುಡುಗನ ಬೆನ್ನಿಗೆ ಯಾರಿದ್ದಾರೆ ಹೇಳಿ?

ನಿನ್ನೆ ಸಂಜೆ ಓಣಿಯ ಆ ನಾಲ್ವರಲ್ಲಿ ಒಬ್ಬ ಮನೆಗೆ ಬಂದಿದ್ದ. "ಕಾಕಾ, ಸರ್ಟಿಫಿಕೇಟ್ ಎಲ್ಲಿ ಲಗೂನ ಸಿಗ್ತದ್ರಿ?" ಅಂತ ಕೇಳಿದ. ಎಲ್ಲಿ ಅಂತ ಹೇಳಲಿಲ್ಲ. ನಾಳೆ ಅವನನ್ನು ನಾನೇ ಕರೆದುಕೊಂಡು ಹೋಗುತ್ತಿದ್ದೇನೆ. ಬಿಪಿ, ಇಸಿಜಿ, ರಕ್ತ, ಎಲ್ಲ ನೋಡಿಸಿಯೇ ಬರುತ್ತೇವೆ. ಉಳಿದ ಮೂವರೂ ಇದನ್ನು ಓದುತ್ತಿದ್ದರೆ ಬೆಳಿಗ್ಗೆ 9 ಗಂಟೆಗೆ ನಮ್ಮ ಮನೆ ಮುಂದೆ ಬರ್ರಿ.