ಸ್ಪಷ್ಟನೆ: ರಿಕ್ರೂಟರ್‌ಗೆ ಬರೆಯಲು ಪ್ರೀಮಿಯಂ ಕಡ್ಡಾಯವಲ್ಲ

‘ಉದ್ಯೋಗ ಸಂಪರ್ಕದ ಜಾಲತಾಣ ಲಿಂಕ್ಡ್‌ಇನ್‌ನಲ್ಲಿ ಪ್ರೀಮಿಯಂ ಚಂದಾ ಕಟ್ಟದವರು ರಿಕ್ರೂಟರ್‌ಗಳಿಗೆ (ಕಂಪನಿಗಳಿಗೆ ನೌಕರರನ್ನು ಹುಡುಕುವವರಿಗೆ) ಸಂದೇಶ ಕಳುಹಿಸಲಾಗದು, ಕೆಲಸ ಹುಡುಕುತ್ತಿರುವ ವಿಷಯ ರಿಕ್ರೂಟರ್‌ಗಳಿಗೆ ಮಾತ್ರ ಕಾಣುವಂತೆ ಇಟ್ಟರೆ ಈಗಿನ ಕಂಪನಿಗೆ ಸುಳಿವೇ ಸಿಗದು’ ಎಂಬ ಮಾತು ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಸುತ್ತುತ್ತಿದೆ. ಮೊದಲನೆಯದು ತಪ್ಪು, ಎರಡನೆಯದು ಅರೆಸತ್ಯ.

ಹಣ ಕೇಳುವುದು ಇನ್‌ಮೇಲ್‌ಗೆ, ಅಂದರೆ ಸಂಪರ್ಕದಲ್ಲಿಲ್ಲದವರಿಗೆ ನೇರವಾಗಿ ಬರೆಯುವ ಸೌಲಭ್ಯಕ್ಕೆ. ಸಂಪರ್ಕಕ್ಕೆ ಸೇರಿಸಿಕೊಳ್ಳಿ ಎಂಬ ನಿಮ್ಮ ಕೋರಿಕೆಯನ್ನು ರಿಕ್ರೂಟರ್ ಒಪ್ಪಿಕೊಂಡರೆ ಆಮೇಲೆ ಎಷ್ಟು ಬರೆದರೂ ಉಚಿತ. ಇಬ್ಬರೂ ಲಿಂಕ್ಡ್‌ಇನ್‌ನ ಒಂದೇ ಗುಂಪಿನ ಸದಸ್ಯರಾಗಿದ್ದರೂ ಸಂದೇಶ ಕಳುಹಿಸಬಹುದು. ಕೋರಿಕೆಯ ಜೊತೆ ಪುಟ್ಟ ಟಿಪ್ಪಣಿಯನ್ನೂ ಸೇರಿಸಬಹುದು; ಆದರೆ ಉಚಿತ ಖಾತೆಗೆ ತಿಂಗಳಿಗೆ ಕೆಲವೇ ಟಿಪ್ಪಣಿಗಳು. ಅವನ್ನು ‘ನಮಸ್ಕಾರ ಸರ್, ಏನಾದರೂ ಕೆಲಸವಿದ್ದರೆ ತಿಳಿಸಿ’ ಎಂದು ಬರೆದು ಮುಗಿಸುವವರೇ ಹೆಚ್ಚು! ಅದರ ಬದಲು ಹೀಗೆ ಬರೆಯಿರಿ: ‘ನಿಮ್ಮ ಬೆಂಗಳೂರು ಕಚೇರಿಯ ಟೆಸ್ಟಿಂಗ್ ಹುದ್ದೆಯ ಪ್ರಕಟಣೆ ನೋಡಿದೆ. ಬ್ಯಾಂಕಿಂಗ್ ತಂತ್ರಾಂಶದಲ್ಲಿ 4 ವರ್ಷ ದುಡಿದಿದ್ದೇನೆ, ನೋಟಿಸ್ ಅವಧಿ 30 ದಿನ.’ ಓದುವವರಿಗೆ ಬೇಕಾದದ್ದು ಇಷ್ಟೇ. ಬಯೋಡೇಟಾ ಅವರು ಕೇಳಿದ ಮೇಲೆ ಕಳುಹಿಸಿದರಾಯಿತು.

ಇನ್ನು ಗುಟ್ಟಿನ ಮಾತು. ನೀವು ಕೆಲಸ ಹುಡುಕುತ್ತಿರುವ ವಿಷಯ ನಿಮ್ಮದೇ ಕಂಪನಿಯ ರಿಕ್ರೂಟರ್‌ಗಳಿಗೆ ಕಾಣದಂತೆ ಲಿಂಕ್ಡ್‌ಇನ್ ಕ್ರಮ ಕೈಗೊಳ್ಳುತ್ತದೆ, ನಿಜ. ಆದರೆ ಪೂರ್ಣ ಗೋಪ್ಯತೆಯ ಖಾತರಿ ಕೊಡಲಾಗದು ಎಂದು ಆ ಸಂಸ್ಥೆಯೇ ಹೇಳಿಕೊಂಡಿದೆ. ಕೆಲಸ ಹುಡುಕುತ್ತಿದ್ದೇನೆ ಎಂದು ಸಾರಲು ಫೋಟೊ ಸುತ್ತ ಹಾಕಿಕೊಳ್ಳುವ ಹಸಿರು ಪಟ್ಟಿಯಂತೂ ಎಲ್ಲ ಸದಸ್ಯರಿಗೂ ಕಾಣುವ ಆಯ್ಕೆಯದು; ಪಕ್ಕದ ಮೇಜಿನ ಮ್ಯಾನೇಜರ್‌ಗೂ ಕಾಣುತ್ತದೆ.