"ಟೆನ್ಷನ್ ಮಾಡ್ಕೋಬೇಡ, ಅದಕ್ಕೇ ನಿಲ್ತಿಲ್ಲ"

ಎರಡು ವರ್ಷದ ಹಿಂದೆ ದಾವಣಗೆರೆಯ ನಮ್ಮ ಮನೆಯಲ್ಲಿ ನಾದಿನಿಯ ಕುಬಸ, ಅಂದರೆ ಸೀಮಂತ. ನನಗೆ ಆಗ ಐವಿಎಫ್ ನಡೀತಿತ್ತು, ಅಂದರೆ ಲ್ಯಾಬಿನಲ್ಲಿ ಭ್ರೂಣ ಮಾಡಿ ಗರ್ಭದೊಳಗಿಡುವ ಚಿಕಿತ್ಸೆ. ರಾತ್ರಿ ಸರಿಯಾಗಿ ಒಂದೇ ಹೊತ್ತಿಗೆ ಹೊಟ್ಟೆಗೆ ಇಂಜೆಕ್ಷನ್ ಚುಚ್ಚಿಕೊಳ್ಳಬೇಕು. ಹಾಡು, ಆರತಿ ನಡುವೆ ಎದ್ದು ಹೋಗಿ, ಬಾತ್‌ರೂಮಿನಲ್ಲಿ ಚುಚ್ಚಿಕೊಂಡು ಬಂದೆ. ಕಣ್ಣು ಕೆಂಪಗಾಗಿತ್ತು. ದೊಡ್ಡಮ್ಮ ಬೆನ್ನು ಸವರಿ, "ನೀ ಭಾಳ ಟೆನ್ಷನ್ ಮಾಡ್ಕಂತೀಯವ್ವ, ಅದಕ್ಕೇ ನಿಲ್ತಿಲ್ಲ" ಅಂದರು.

ಪ್ರೀತಿಯಿಂದಲೇ ಅಂದರು. ಆದರೆ ಆ ಮಾತು ತಿಂಗಳುಗಟ್ಟಲೆ ನನ್ನನ್ನು ತಿಂದಿತು. ಅಳು ಬಂದಾಗಲೆಲ್ಲ, ಅಯ್ಯೋ, ಅತ್ತು ನಾನೇ ಹಾಳು ಮಾಡಿಕೊಳ್ಳುತ್ತಿದ್ದೇನೆ ಅನ್ನಿಸೋದು.

ಅದು ನಿಜವಲ್ಲ. 2011ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 14 ಅಧ್ಯಯನಗಳನ್ನು, ಒಟ್ಟು 3,583 ಮಹಿಳೆಯರ ಮಾಹಿತಿಯನ್ನು ಒಟ್ಟಿಗೆ ನೋಡಿದ ವರದಿ ಬಂದಿದೆ. ಚಿಕಿತ್ಸೆಗೆ ಮುಂಚೆ ಮನಸ್ಸಿಗೆ ಎಷ್ಟೇ ಒತ್ತಡ ಇದ್ದರೂ, ಆ ಸಲ ಗರ್ಭ ನಿಲ್ಲುವುದಕ್ಕೂ ಅದಕ್ಕೂ ಸಂಬಂಧ ಕಾಣಲಿಲ್ಲ. ಇದನ್ನು ನನಗೆ ಆಗಲೇ ಯಾರಾದರೂ ಹೇಳಬೇಕಿತ್ತು.

ಟೆನ್ಷನ್ ಯಾಕೆ ಆಗುತ್ತೆ ಅಂತಲೂ ಹೇಳುತ್ತೇನೆ. ಇಂಜೆಕ್ಷನ್, ಎರಡು ಮೂರು ದಿನಕ್ಕೊಂದು ಸ್ಕ್ಯಾನ್, ಸಾಲ, ಆಫೀಸಿನಲ್ಲಿ ಹೇಳುವ ಸುಳ್ಳು, ಇವೆಲ್ಲ ಹೇಗೋ ಕಳೆಯುತ್ತವೆ. ಭ್ರೂಣ ಒಳಗಿಟ್ಟ ಮೇಲಿನ ಎರಡು ವಾರ ಕಳೆಯೋದಿಲ್ಲ. ಆಗ ಗರ್ಭ ನಿಲ್ಲಲಿ ಅಂತ ಕೊಡುವ ಪ್ರೊಜೆಸ್ಟೆರಾನ್ ಹಾರ್ಮೋನ್ ಇಂಜೆಕ್ಷನ್‌ನಿಂದ ಸೊಂಟದ ಕೆಳಗೆ ಗಂಟು ಕಟ್ಟುತ್ತೆ. ಅದಕ್ಕಿಂತ ಕಷ್ಟ ಇನ್ನೊಂದಿದೆ. ಆ ಔಷಧಿಗೇ ಎದೆ ನೋಯುತ್ತೆ, ಹೊಟ್ಟೆ ಉಬ್ಬುತ್ತೆ, ನಿದ್ದೆ ಎಳೆಯುತ್ತೆ. ಬಸುರಿಗೂ ಹಾಗೇ ಅಲ್ವಾ? ನಮ್ಮ ಮೈಯೇ ನಮಗೆ ಆಸೆ ತೋರಿಸುತ್ತೆ. ನಾನು ಬಾಗಿಲು ಹಾಕಿಕೊಂಡು ಮಗುವಿನ ಹೆಸರು ಯೋಚಿಸಿದ್ದೆ. ಗರ್ಭ ನಿಂತಿದೆಯಾ ಅಂತ ನೋಡುವ ರಕ್ತ ಪರೀಕ್ಷೆ, ಬೀಟಾ ಎಚ್‌ಸಿಜಿ, ಅದರ ರಿಪೋರ್ಟ್ ವಾಟ್ಸ್ಯಾಪ್‌ಗೆ ಬಂತು. ಐದಕ್ಕಿಂತ ಕಡಿಮೆ ಅಂತಿತ್ತು. ಅಂದರೆ ನಿಂತಿರಲಿಲ್ಲ. ಆವತ್ತು ಸಂಜೆ ಚಪಾತಿ ಹಿಟ್ಟು ಕಲಸಿದೆ, ಎಲ್ಲರಿಗೂ ಊಟ ಬಡಿಸಿದೆ.

ಗಂಡನಿಗೆ ವೀರ್ಯ ಪರೀಕ್ಷೆ ಮಾಡಿಸಿದ್ದು ನನ್ನ ಲ್ಯಾಪರೋಸ್ಕೋಪಿ (ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಲ್ಲಿ ಒಳಗೆ ನೋಡುವುದು) ಎಲ್ಲ ಮುಗಿದ ಮೇಲೆ. ಮೊದಲೇ ಮಾಡಿಸಬೇಕು. ದಯವಿಟ್ಟು.

ಐವಿಎಫ್‌ನಂಥ ಚಿಕಿತ್ಸೆಗಳಿಗೆ ಅಂತಲೇ ಇರುವ 2021ರ ಎಆರ್‌ಟಿ ಕಾನೂನಿನ ಪ್ರಕಾರ ಇಂಥ ಕ್ಲಿನಿಕ್‌ಗಳು ದಂಪತಿಗೆ ಆಪ್ತ ಸಲಹೆ ಕೊಡಲೇಬೇಕು. ನಾವು ಹೋದ ಕಡೆ ಖರ್ಚನ್ನು ಚೆನ್ನಾಗಿ ವಿವರಿಸಿದರು. ನಿನ್ನ ಮನಸ್ಸು ಹೇಗಿದೆಯಮ್ಮ ಅಂತ ಯಾರೂ ಕೇಳಲಿಲ್ಲ. ನೀವು ಕೇಳಿ ಪಡೆಯಿರಿ, ಅದು ನಿಮ್ಮ ಹಕ್ಕು. ರಾತ್ರಿ ತಡೆಯಲಾಗದಿದ್ದರೆ ಟೆಲಿ ಮಾನಸ್ ಅನ್ನುವ ಮಾನಸಿಕ ಆರೋಗ್ಯ ಸಹಾಯವಾಣಿ ಇದೆ, 14416. ಸರ್ಕಾರದ್ದು, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡುತ್ತಾರೆ. ರಿಪೋರ್ಟ್ ಬಂದ ರಾತ್ರಿ ನಾನು ಫೋನ್ ಮಾಡಿದ್ದೆ.

ಆಮೇಲೆ ನನಗೆ ಮಗು ಆಯ್ತಾ ಇಲ್ವಾ ಅಂತ ಇಲ್ಲಿ ಬರೆಯುವುದಿಲ್ಲ. ಬರೆದರೆ ಎಲ್ಲರ ಕಣ್ಣೂ ಅಲ್ಲಿಗೇ ಹೋಗುತ್ತೆ.

ನಮ್ಮೂರಲ್ಲಿ ಈಗ ಇಂಜೆಕ್ಷನ್ ನಡೀತಿರುವವರು ಇದನ್ನು ಓದುತ್ತಿದ್ದರೆ ಮೆಸೇಜ್ ಮಾಡಿ. ಸಂಜೆ ಕುಂದವಾಡ ಕೆರೆ ಹತ್ತಿರ ವಾಕಿಂಗ್ ಹೋಗುತ್ತೇನೆ. ಜೊತೆಗೆ ಬನ್ನಿ. ಮಾತಾಡಲೇಬೇಕು ಅಂತೇನಿಲ್ಲ, ಸುಮ್ನೆ ನಡೆಯೋಣ.