ಟೋಲು, ಬಾಟಾ ಮತ್ತು ಇತರೆ

ಕಿಲೋಮೀಟರಿಗೆ 13 ರೂಪಾಯಿ. ಬಳ್ಳಾರಿಯಿಂದ ಮಂತ್ರಾಲಯಕ್ಕೆ ಹೋಗಿ ಬಂದರೆ ಹೆಚ್ಚೂಕಮ್ಮಿ 230 ಕಿಲೋಮೀಟರ್. ಮೂರನೇ ಕ್ಲಾಸಿನ ಹುಡುಗ ಗುಣಿಸಿದರೆ 2,990 ಬರುತ್ತದೆ. ಟ್ರಾವೆಲ್ಸ್ ಓನರ್ ಗುಣಿಸಿದರೆ 10,290 ಬರುತ್ತದೆ. ಈ ಗಣಿತ ಗೊತ್ತಿಲ್ಲದವರು ನಮ್ಮೂರಲ್ಲಿ ಯಾರೂ ಇಲ್ಲ. ಮದುವೆಗೋ ಹರಕೆಗೋ ಒಂದು ಎರ್ಟಿಗಾ ಮಾಡಿಕೊಂಡು ಹೋದ ಯಾರನ್ನಾದರೂ ಕೇಳಿ, ದೇವರ ದರ್ಶನ ಹೇಗಾಯಿತು ಅನ್ನೋದನ್ನು ಬಿಟ್ಟು ಬಿಲ್ಲಿನ ವಿಷಯ ಹೇಳುತ್ತಾರೆ.

ನಮ್ಮ ಬಿಲ್ಲು ಇಲ್ಲೇ ಮುಂದೆ ಇದೆ. ಮೊದಲ ಸಾಲಿನಲ್ಲೇ 600 ಕಿಲೋಮೀಟರ್ ಎಂದು ಬರೆದಿದ್ದಾರೆ. ಮೀಟರಿನಲ್ಲಿ ಓಡಿದ್ದು 240, ಅದೂ ಅವರ ಶೆಡ್ಡಿನಿಂದ ನಮ್ಮ ಮನೆಗೆ ಬಂದು ಮತ್ತೆ ಶೆಡ್ಡು ಸೇರಿದ್ದೆಲ್ಲ ಸೇರಿಸಿ. ಫೋನ್ ಮಾಡಿ ಕೇಳಿದೆ. 'ದಿನಕ್ಕೆ ಮಿನಿಮಮ್ 300 ಸಾರ್, ಎರಡು ದಿನ ಆಯ್ತಲ್ವಾ?' ಎಂದರು. ಬುಧವಾರ ಸಂಜೆ ಐದಕ್ಕೆ ಹೊರಟು ಗುರುವಾರ ಮಧ್ಯಾಹ್ನ ಊಟದ ಹೊತ್ತಿಗೆ ಮನೆಯಲ್ಲಿದ್ದೆವು. ಒಂದು ದಿನವೂ ಪೂರ್ತಿ ಆಗಲಿಲ್ಲವಲ್ಲ ಅಂದರೆ, 'ಡೇಟ್ ಬದಲಾಯ್ತಲ್ಲ ಸಾರ್' ಅನ್ನುತ್ತಾರೆ. ಅವರ ಗೋಡೆಯ ಮೇಲೆ ನೇತಾಡುವುದು ಪಂಚಾಂಗದ ಕ್ಯಾಲೆಂಡರು. ಅದರ ಪ್ರಕಾರ ದಿನ ಹುಟ್ಟುವುದು ಸೂರ್ಯ ಹುಟ್ಟಿದ ಮೇಲೆ. ರಾಹುಕಾಲ ನೋಡದೆ ಗಾಡಿ ಹೊರಗೆ ತೆಗೆಯುವುದಿಲ್ಲ ಆ ಮನುಷ್ಯ. ಬಾಡಿಗೆಗೆ ಮಾತ್ರ ರಾತ್ರಿ 12 ಹೊಡೆದರೆ ಹೊಸ ದಿನ. ಆ ಹೊತ್ತಿಗೆ ಕಾರು ಪಾರ್ಕಿಂಗಿನಲ್ಲಿತ್ತು, ನಾವು ರೂಮಿನಲ್ಲಿದ್ದೆವು. ಗೊರಕೆ ಹೊಡೆಯುತ್ತಾ ಹೊಡೆಯುತ್ತಾ 300 ಕಿಲೋಮೀಟರ್ ಹೋಗಿಬಿಟ್ಟೆವು.

ನನ್ನ ಪ್ರಶ್ನೆ ಇಷ್ಟೇ. ದುಡ್ಡು ಕೊಟ್ಟು ಕೊಂಡ ಆ ಉಳಿದ 360 ಕಿಲೋಮೀಟರ್ ಎಲ್ಲಿದೆ? ಅಷ್ಟರಲ್ಲಿ ಬೆಂಗಳೂರು ದಾಟಿ ಹೋಗಬಹುದಿತ್ತು. ಇಟ್ಟುಕೊಳ್ಳಿ, ಮಗಳ ಬಾಣಂತನಕ್ಕೆ ಬೇಕಾಗುತ್ತೆ ಅಂದೆ. ಓನರ್ ನಕ್ಕರು. ನಗುವುದಕ್ಕೆ ಚಾರ್ಜ್ ಹಾಕಲಿಲ್ಲ, ಅದು ಅವರ ದೊಡ್ಡತನ.

ಮುಂದಿನ ಸಾಲು ಆಂಧ್ರ ಪರ್ಮಿಟ್, 450 ರೂಪಾಯಿ. ಗಾಡಿಯ ಹಿಂದೆ ಅಂಗೈ ಅಗಲದ ಅಕ್ಷರದಲ್ಲಿ 'ಆಲ್ ಇಂಡಿಯಾ ಪರ್ಮಿಟ್' ಎಂದು ಬರೆಸಿದ್ದಾರೆ. 2021ರಿಂದ ಈ ಟೂರಿಸ್ಟ್ ಪರ್ಮಿಟ್ಟು ಆನ್‌ಲೈನಿನಲ್ಲೇ ಸಿಗುತ್ತದೆ, ಒಮ್ಮೆ ಕಟ್ಟಿದರೆ ಎಲ್ಲ ರಾಜ್ಯಕ್ಕೂ ನಡೆಯಬೇಕು ಅನ್ನೋದೇ ಅದರ ಉದ್ದೇಶ. ಹಾಗಾದರೆ ಈ 450 ಯಾಕೆ? ಆಂಧ್ರ ಆಲ್ ಇಂಡಿಯಾದಲ್ಲಿ ಇಲ್ಲವಾ? ಇದ್ದರೂ ಇರಬಹುದು, ಓನರಿಗೆ ಇನ್ನೂ ಸುದ್ದಿ ಮುಟ್ಟಿಲ್ಲ.

ತಪ್ಪು ಓನರದ್ದೂ ಅಲ್ಲ ಬಿಡಿ. 1953ರ ಅಕ್ಟೋಬರ್ 1ರದ್ದು. ಅಲ್ಲಿಯವರೆಗೆ ಬಳ್ಳಾರಿ ಮದ್ರಾಸಿನಲ್ಲಿತ್ತು, ಆದೋನಿ ನಮ್ಮದೇ ಜಿಲ್ಲೆಯಲ್ಲಿತ್ತು. ಆವತ್ತು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಉಳಿದದ್ದರಲ್ಲಿ ನಾವು ಮೈಸೂರಿಗೆ ಬಂದೆವು. ಗೆರೆ ಎಳೆದವರು ಭಾಷೆ ನೋಡಿದರು, ಜನ ನೋಡಿದರು, ನದಿ ನೋಡಿದರು. ಎಪ್ಪತ್ತು ವರ್ಷ ಆದಮೇಲೆ ಒಬ್ಬ ಟ್ರಾವೆಲ್ಸಿನವನು ಆ ಗೆರೆ ಮೇಲೆ ರಸೀದಿ ಪುಸ್ತಕ ಇಟ್ಟುಕೊಂಡು ಕೂರುತ್ತಾನೆ ಅಂತ ಯಾರಿಗೂ ಹೊಳೆಯಲಿಲ್ಲ.

ಮಂತ್ರಾಲಯ ಅಂದಮೇಲೆ ಮನ್ರೋ ಸಾಹೇಬರ ಕಥೆ ಬಿಟ್ಟು ಮುಂದೆ ಹೋಗೋದು ಹೇಗೆ? ನಮ್ಮ ಕಡೆ ಎಲ್ಲರಿಗೂ ಗೊತ್ತು. 1800ರಲ್ಲಿ ಥಾಮಸ್ ಮನ್ರೋ ಬಳ್ಳಾರಿಗೆ ಕಲೆಕ್ಟರಾಗಿ ಬಂದರು. ಮಠದ ಜಮೀನಿನ ಕಂದಾಯ ಸರ್ಕಾರಕ್ಕೆ ಸೇರಬೇಕು ಅಂತ ಕಂಪನಿ ಕಾಗದ ಹೊರಡಿಸಿತ್ತು. ವಿಚಾರಣೆಗೆ ಹೋದ ಸಾಹೇಬರು ಟೋಪಿ ತೆಗೆದು, ಬೂಟು ಬಿಚ್ಚಿ ಒಳಗೆ ಹೋದರಂತೆ. ರಾಯರು ಬೃಂದಾವನದಿಂದ ಎದ್ದು ಬಂದು ಅವರ ಜೊತೆ ಮಾತಾಡಿದರಂತೆ. ಜೊತೆಯಲ್ಲಿದ್ದವರಿಗೆ ಯಾರೂ ಕಾಣಲಿಲ್ಲ, ಏನೂ ಕೇಳಿಸಲಿಲ್ಲ. ಸಾಹೇಬರು ಹೊರಗೆ ಬಂದು ಕಂದಾಯ ಬೇಡ ಅಂತ ಬರೆದರಂತೆ. ವಸೂಲಿಗೆ ಹೋದವನು ವಸೂಲಿ ಬಿಟ್ಟು ಬಂದ ಕಥೆ ಇದು. ಅದಕ್ಕೇ ಇನ್ನೂರು ವರ್ಷವಾದರೂ ಜನ ಹೇಳುತ್ತಿದ್ದಾರೆ. ಅಂಥದ್ದು ಇನ್ನೊಂದು ಸಲ ನಡೆದಿಲ್ಲ. ನಮ್ಮ ಓನರ್ ಟೇಬಲ್ಲಿನ ಹಿಂದೆಯೂ ರಾಯರ ಫೋಟೋ ಇದೆ. ದಿನಾ ಹೂವು, ಊದುಬತ್ತಿ. ರಾಯರು ಏನಾದರೂ ಹೇಳೋಣ ಅಂದುಕೊಂಡರೂ ಅವಕಾಶ ಸಿಗಬೇಕಲ್ಲ, ಆ ಮನುಷ್ಯನ ಫೋನು ಯಾವಾಗಲೂ ಬ್ಯುಸಿ.

ಟೋಲಿನ ಮಜಾ ಬೇರೆ. ಮೊದಲು ಚೀಟಿ ಕೊಡುತ್ತಿದ್ದರು, ಡ್ರೈವರು ಅದನ್ನು ಡ್ಯಾಶ್‌ಬೋರ್ಡಿನ ಮೇಲೆ ಸಿಕ್ಕಿಸುತ್ತಿದ್ದ, ಕೊನೆಗೆ ಕೂಡಿಸಿ ಕೊಡುತ್ತಿದ್ದೆವು. 2021ರಲ್ಲಿ ಫಾಸ್ಟ್ಯಾಗ್ ಕಡ್ಡಾಯ ಆಯ್ತು. ಈಗ ನಮಗೆ ಕಾಣುವುದು ಗೇಟು ಮೇಲೇಳುವುದು ಮಾತ್ರ. ದುಡ್ಡು ಕಟ್ಟಾದ ಮೆಸೇಜು ಓನರ್ ಮೊಬೈಲಿಗೆ ಹೋಗುತ್ತದೆ. ಹೈವೇ ಟೋಲಿನಲ್ಲಿ 24 ಗಂಟೆಯೊಳಗೆ ವಾಪಸ್ ಬಂದರೆ ಎರಡೂ ಕಡೆ ಸೇರಿ ಒಂದೂವರೆ ಪಟ್ಟು ಅಷ್ಟೇ. ಕೊಪ್ಪಳದ ಮದುವೆಗೆ ಹೋದಾಗ ಹಿಟ್ನಾಳ ಗೇಟಿನಲ್ಲಿ ಬೆಳಿಗ್ಗೆ ಹೋಗಿ ಸಂಜೆ ಬಂದಿದ್ದೆವು. ಬಿಲ್ಲಿನಲ್ಲಿ ಎರಡು ಪೂರ್ತಿ ಟೋಲು ಇತ್ತು. ಉಳಿದ ಅರ್ಧ ಯಾರ ಉಡಿಗೆ ಬಿತ್ತು ಅಂತ ಕೇಳಬೇಡಿ. ಸರ್ಕಾರ ಕೊಟ್ಟ ರಿಯಾಯಿತಿ ಅದು, ಯಾರೋ ಒಬ್ಬ ಪ್ರಜೆಗೆ ಸಿಕ್ಕರೆ ಸಾಲದಾ?

ಈ ಸಹವಾಸವೇ ಬೇಡ, ನಾವೇ ಓಡಿಸ್ತೀವಿ ಅಂತ ಹುಡುಗರು ಮೊಬೈಲಿನಲ್ಲಿ ಸೆಲ್ಫ್ ಡ್ರೈವ್ ಕಾರು ಬುಕ್ ಮಾಡುತ್ತಾರೆ. ನಮ್ಮ ಪಕ್ಕದ ಮನೆ ಹುಡುಗ ಹಾಗೆ ತಗೊಂಡು ಸಂಡೂರಿಗೆ ಹೋಗಿ ಬಂದ. ಮಳೆ ಬಿದ್ದು ಬೆಟ್ಟವೆಲ್ಲ ಹಸಿರಾಗಿತ್ತು, ಫೋಟೋ ಚೆನ್ನಾಗಿ ಬಂದವು. ಡಿಪಾಸಿಟ್ ಮಾತ್ರ ಪೂರ್ತಿ ವಾಪಸ್ ಬರಲಿಲ್ಲ. ಕಾಲೊರೆಸುವ ಮ್ಯಾಟಿನ ಮೇಲೆ ಕೆಂಪು ಮಣ್ಣಿತ್ತಂತೆ, ಕ್ಲೀನಿಂಗ್ ಚಾರ್ಜು 800. ಬಂಪರಿನ ಮೂಲೆಯಲ್ಲಿ ಉಗುರಿನಷ್ಟು ಗೆರೆ ಇತ್ತಂತೆ, ಅದಕ್ಕೆ 3,500. ಆ ಗೆರೆಯನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ, ಕೆಂಪು ಗುಂಡು ಸುತ್ತಿ ಕಳಿಸಿದ್ದರು.

ಬಳ್ಳಾರಿಯಲ್ಲಿ ಕೆಂಪು ಧೂಳಿಗೆ ಚಾರ್ಜು! ಇದನ್ನು ಕೇಳಿ ನಾನು ಎದ್ದು ನಿಂತು ಕೈ ಮುಗಿದೆ. ಈ ಜಿಲ್ಲೆಯಲ್ಲಿ ಹಗಲೂ ರಾತ್ರಿ ಅದಿರಿನ ಲಾರಿ ಓಡುತ್ತಿದ್ದ ಕಾಲ ನೆನಪಿರಬೇಕಲ್ಲ? ಹೊಲದ ಜೋಳ ಕೆಂಪು, ಒಣಹಾಕಿದ ಪಂಚೆ ಕೆಂಪು, ಕೆಮ್ಮಿದರೆ ಕಫವೂ ಕೆಂಪು. ಟಾರ್ಪಾಲು ಹೊದೆಸದೆ, ಮಿತಿಗಿಂತ ಜಾಸ್ತಿ ತುಂಬಿಕೊಂಡು ಹೋದ ಲಾರಿಗಳಿಗೆ ಎಕ್ಸ್ಟ್ರಾ ಕಿಲೋಮೀಟರ್ ಚಾರ್ಜು ಯಾರು ಹಾಕಿದರು? ಬೇಲೆಕೇರಿ ಬಂದರಿನಲ್ಲಿ ಜಪ್ತಿ ಮಾಡಿಟ್ಟ ಅದಿರೇ ಲಕ್ಷಗಟ್ಟಲೆ ಟನ್ ಮಾಯವಾಯಿತು, 2010ರಲ್ಲಿ. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ್ ಹೆಗ್ಡೆ ವರದಿ ಕೊಟ್ಟರು, ಅದೇ ತಿಂಗಳು ಸುಪ್ರೀಂ ಕೋರ್ಟು ಬಳ್ಳಾರಿಯ ಗಣಿಗಾರಿಕೆಗೆ ತಡೆ ಹಾಕಿತು. ಅಲ್ಲಿಯವರೆಗೆ ಗುಡ್ಡಗಳೇ ಹೋಗುತ್ತಿದ್ದವು, ಯಾರ ಕಣ್ಣಿಗೂ ಬಿದ್ದಿರಲಿಲ್ಲ. ಈಗ ಮ್ಯಾಟಿನ ಮೇಲಿನ ಎರಡು ಚಮಚ ಮಣ್ಣು ಕಣ್ಣಿಗೆ ಬೀಳುತ್ತದೆ. ಆ ಕಾಲದಲ್ಲಿ ಈ ಸೆಲ್ಫ್ ಡ್ರೈವ್ ಕಂಪನಿಯವರನ್ನು ಚೆಕ್‌ಪೋಸ್ಟಿಗೆ ಕೂರಿಸಬೇಕಿತ್ತು. ಸಂಡೂರಿನ ಬೆಟ್ಟ ಒಂದಿಷ್ಟು ಉಳಿಯುತ್ತಿತ್ತು.

ಬಾಟಾದ, ಅಂದರೆ ಡ್ರೈವರಿನ ಭತ್ಯೆಯ, ಸಾಲಿಗೆ ಬಂದಾಗ ತಮಾಷೆ ಮಾಡಲು ನನಗೆ ಆಗುವುದಿಲ್ಲ. ನಮ್ಮ ಬಿಲ್ಲಿನಲ್ಲಿ ಡ್ರೈವರ್ ಬಾಟಾ 800, ನೈಟ್ ಚಾರ್ಜು 300 ಅಂತಿದೆ. ಡ್ರೈವರು ಸಿರುಗುಪ್ಪ ಕಡೆಯ ಹುಡುಗ, ಇಪ್ಪತ್ತೆರಡೋ ಇಪ್ಪತ್ಮೂರೋ ಇರಬೇಕು. ರಾತ್ರಿ ಪಾರ್ಕಿಂಗಿನಲ್ಲಿ ಸೀಟು ಹಿಂದಕ್ಕೆ ಒರಗಿಸಿ, ಸೊಳ್ಳೆಗೆ ಮುಖದ ಮೇಲೆ ಟವೆಲ್ ಹಾಕಿಕೊಂಡು, ಒಂದು ಕಾಲು ಕಿಟಕಿಯಿಂದ ಹೊರಗಿಟ್ಟು ಮಲಗಿದ್ದ. ಬೆಳಿಗ್ಗೆ ಇಡ್ಲಿ ತಿನ್ನುವಾಗ ಕೇಳಿದೆ, ಬಾಟಾ ಎಷ್ಟು ಕೊಡ್ತಾರಪ್ಪಾ ಅಂತ. 'ಟ್ರಿಪ್ಪಿಗೆ 300 ಕೊಡ್ತಾರೆ ಸಾರ್. ನೈಟ್‌ದು ಓನರ್‌ಗೇ' ಎಂದ. ಅಂದರೆ 1,100 ರೂಪಾಯಿ ಅವನ ಹೆಸರಲ್ಲಿ ಬರೆದು, ಅವನ ಕೈಯಲ್ಲೇ ವಸೂಲಿ ಮಾಡಿಸಿ, 800 ರೂಪಾಯಿ ಕಿತ್ತುಕೊಳ್ಳುತ್ತಾರೆ. ಜಗಳ ಆಡಬೇಕಾದರೂ ಎದುರಿಗೆ ಸಿಗುವುದು ಅವನೇ. ಮನೆ ಮುಂದೆ ಗಾಡಿ ನಿಲ್ಲಿಸಿ, ಒಂದು ಕೈಯಲ್ಲಿ ಬಿಲ್ಲು, ಇನ್ನೊಂದರಲ್ಲಿ ಕ್ಯೂಆರ್ ಕೋಡ್ ತೆರೆದ ಮೊಬೈಲು ಹಿಡಿದು ತಲೆ ತಗ್ಗಿಸಿ ನಿಂತಿರುತ್ತಾನೆ. ನಾವು ಕೂಗಾಡುತ್ತೇವೆ. ಅವನು 'ಓನರ್ ಜೊತೆ ಮಾತಾಡಿ ಸಾರ್' ಅನ್ನುತ್ತಾನೆ. ಹಿಂದಿನ ರಾತ್ರಿಯೆಲ್ಲ ನಿದ್ದೆಗೆಟ್ಟವನ ಮುಂದೆ ನಿಂತು ಓದು ಬರಹ ಬಲ್ಲ ನಾವು 350 ರೂಪಾಯಿಗೆ ಗಂಟಲು ಹರಿದುಕೊಳ್ಳುತ್ತೇವೆ. ಹೇಸಿಗೆ ಅನ್ನಿಸುತ್ತದೆ. ಆ ದುಡ್ಡು ಅವನಿಗೆ ಸೇರುವುದಾದರೆ ಸಾವಿರ ಅಲ್ಲ, ಎರಡು ಸಾವಿರ ಬರೆಯಿರಿ, ಯಾರು ಬೇಡ ಅಂದರು?

350 ಅಂದೆನಲ್ಲ, ಅದು 'ಇತರೆ'. ಪಾರ್ಕಿಂಗ್ 100 ಬೇರೆಯೇ ಇದೆ. ಇತರೆ ಅಂದರೆ ಏನು ಅಂತ ಇವತ್ತಿನವರೆಗೂ ಗೊತ್ತಾಗಿಲ್ಲ. ಇದರ ಮೇಲೆ 5 ಪರ್ಸೆಂಟ್ ಜಿಎಸ್‌ಟಿ, 490 ರೂಪಾಯಿ. ಜಿಎಸ್‌ಟಿ ಇದೆ, ಜಿಎಸ್‌ಟಿ ನಂಬರ್ ಇಲ್ಲ.

ಕಾನೂನು ಇಲ್ಲ ಅಂತಲ್ಲ. ಮೊದಲು ಕಡಿಮೆ ರೇಟು ತೋರಿಸಿ ಆಮೇಲೆ ಒಂದೊಂದೇ ಚಾರ್ಜು ಸೇರಿಸುವುದನ್ನು ಕೇಂದ್ರ ಸರ್ಕಾರ 2023ರ ನವೆಂಬರ್ 30ರಂದು ಡಾರ್ಕ್ ಪ್ಯಾಟರ್ನ್ ಪಟ್ಟಿಗೆ ಸೇರಿಸಿತು. ಒಟ್ಟು 13 ಮೋಸಗಳ ಪಟ್ಟಿ ಅದು. ಆದರೆ ಅದು ಆನ್‌ಲೈನ್ ಪ್ಲಾಟ್‌ಫಾರ್ಮಿನವರಿಗೆ. ನಮ್ಮ ಓನರಿಗೆ ಪ್ಲಾಟ್‌ಫಾರ್ಮೇ ಇಲ್ಲ. ಇರುವುದು ಒಂದು ಟೇಬಲ್ಲು, ಒಂದು ಡೈರಿ, ಎರಡು ಪ್ಲಾಸ್ಟಿಕ್ ಕುರ್ಚಿ. ಗ್ರಾಹಕರ ಸಹಾಯವಾಣಿ 1915 ಇದೆ, ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಅಲ್ಲಿಗೆ ಓಡಾಡಲು ಕಾರು ಬೇಕಾದರೆ ನಮ್ಮ ಓನರೇ ಕಳಿಸಿಕೊಡುತ್ತಾರೆ.

ಮುಂದಿನ ತಿಂಗಳು ಅತ್ತೆಯವರನ್ನು ಅಂಜನಾದ್ರಿಗೆ ಕರೆದುಕೊಂಡು ಹೋಗಬೇಕು. ಬೇರೆ ಟ್ರಾವೆಲ್ಸ್ ಕೇಳಿದೆ, ಅಲ್ಲೂ ಇದೇ ಪುರಾಣ. ಕೊನೆಗೆ ಇವರಿಗೇ ಫೋನ್ ಮಾಡಿದೆ. '12 ರೂಪಾಯಿ ಹಾಕ್ತೀನಿ ಸಾರ್, ನೀವು ನಮ್ಮವರು' ಎಂದರು. ಎಲ್ಲ ಸೇರಿ ಎಷ್ಟು ಹೇಳಿಬಿಡಿ ಅಂದೆ. 'ಅಷ್ಟೇ ಸಾರ್, ಎಕ್ಸ್ಟ್ರಾ ಏನಿರುತ್ತೆ?' ಎಂದರು. ಬೆಟ್ಟಕ್ಕೆ 575 ಮೆಟ್ಟಿಲಿವೆ, ಹಿಲ್ ಚಾರ್ಜು ಹಾಕ್ತೀರಾ ಅಂತ ಮೊದಲೇ ಕೇಳಿಟ್ಟುಕೊಂಡೆ. 'ಏ, ಛೇ, ಹತ್ತೋದು ನೀವು, ಗಾಡಿ ಕೆಳಗೇ ಇರುತ್ತೆ' ಎಂದು ನಕ್ಕರು. ಆಮೇಲೆ ಎರಡು ಕ್ಷಣ ಸುಮ್ಮನಿದ್ದು ಕೇಳಿದರು, 'ಅತ್ತೆಯವರಿಗೆ ವಯಸ್ಸೆಷ್ಟು ಸಾರ್? ಅಲ್ಲ, ವೇಯ್ಟಿಂಗ್ ಇರುತ್ತಲ್ಲ, ಅದಕ್ಕೆ.'